ಊರ ಗಡಿಯಾಚೆಯ ಹೆದ್ದಾರಿ: ಲಾಸ್ ವೇಗಸ್ ಸ್ಟ್ರಿಪ್‌ನ ಇತಿಹಾಸ

ಅಮೆರಿಕದ ನೆವಾಡಾ ರಾಜ್ಯದ ಲಾಸ್ ವೇಗಸ್‌ಗೆ ಲೋಕಪ್ರಸಿದ್ಧಿ ತಂದುಕೊಟ್ಟದ್ದು 'ಸ್ಟ್ರಿಪ್' ಎಂಬ ಕ್ಯಾಸಿನೊ ರಸ್ತೆ. ಸುಮಾರು ಏಳು ಕಿಲೋಮೀಟರ್ ಉದ್ದದ ಈ ರಸ್ತೆಯ ಬಹುಪಾಲು ಲಾಸ್ ವೇಗಸ್ ನಗರದೊಳಗೆ ಇಲ್ಲವೇ ಇಲ್ಲ. ನಗರದ ದಕ್ಷಿಣದ ಗಡಿ ದಾಟಿದ ಮೇಲೆ, ಕ್ಲಾರ್ಕ್ ಕೌಂಟಿಯ ಆಡಳಿತಕ್ಕೆ ಸೇರಿದ ನೆಲದಲ್ಲಿ ಅದು ಹಬ್ಬಿದೆ. ಅದನ್ನು ಬೆಳೆಸಿದ್ದು ಜೂಜಿನ ಮೇಜಷ್ಟೇ ಅಲ್ಲ. ಬಂದವರನ್ನು ನಾಲ್ಕು ದಿನ ಉಳಿಸಿಕೊಳ್ಳುವ ಕೋಣೆಗಳೂ ಅದಕ್ಕೆ ಅಷ್ಟೇ ಕಾರಣ.

ಮೊಹಾವಿ ಮರುಭೂಮಿಯ ನಡುವೆ ಚಿಲುಮೆಗಳಿದ್ದ ಈ ಬಯಲು ಪೈಯೂಟ್ ಜನರ ನೆಲೆಯಾಗಿತ್ತು. ಊರು ಹುಟ್ಟಿದ್ದು ರೈಲಿನಿಂದ. ಲಾಸ್ ಏಂಜಲೀಸ್ ಮತ್ತು ಸಾಲ್ಟ್ ಲೇಕ್ ಸಿಟಿಗಳ ನಡುವಿನ ಮಾರ್ಗದಲ್ಲಿ ಎಂಜಿನ್‌ಗಳಿಗೆ ನೀರು ಬೇಕಿತ್ತು. ರೈಲು ಕಂಪನಿ 1905ರ ಮೇ 15ರಂದು ಇಲ್ಲಿನ ನಿವೇಶನಗಳನ್ನು ಹರಾಜಿಗಿಟ್ಟಿತು. 1910ರಿಂದ ನೆವಾಡಾದಲ್ಲಿ ಜೂಜಿಗೆ ನಿಷೇಧವಿತ್ತು. ಮಹಾ ಆರ್ಥಿಕ ಕುಸಿತ ರಾಜ್ಯದ ಬೊಕ್ಕಸವನ್ನು ಬರಿದು ಮಾಡಿದಾಗ, 1931ರ ಮಾರ್ಚ್ 19ರಂದು ಗವರ್ನರ್ ಫ್ರೆಡ್ ಬಾಲ್ಝರ್ ಜೂಜನ್ನು ಕಾನೂನುಬದ್ಧಗೊಳಿಸುವ ಮಸೂದೆಗೆ ಸಹಿ ಹಾಕಿದರು. ಅದೇ ವರ್ಷ, ವಿಚ್ಛೇದನ ಬಯಸುವವರು ರಾಜ್ಯದಲ್ಲಿ ಆರು ವಾರ ವಾಸವಿದ್ದರೆ ಸಾಕೆಂದು ಕಾನೂನು ಬದಲಾಯಿತು. ಆರು ವಾರ ಕಳೆಯಲು ಬಂದವರಿಗೆ ತಂಗಲು ಜಾಗವೂ ಕಾಲ ಕಳೆಯಲು ಮನರಂಜನೆಯೂ ಬೇಕಿತ್ತು. ಹತ್ತಿರದಲ್ಲೇ ಹೂವರ್ ಅಣೆಕಟ್ಟಿನ ಕೆಲಸ ಶುರುವಾಗಿತ್ತು. ಕೆಲಸಗಾರರಿಗಾಗಿ ಸರ್ಕಾರ ಕಟ್ಟಿದ ಬೌಲ್ಡರ್ ಸಿಟಿಯಲ್ಲಿ ಜೂಜಿಗೆ ಅವಕಾಶವಿರಲಿಲ್ಲ. ಸಂಬಳ ಕೈಗೆ ಬಂದವರು ಲಾಸ್ ವೇಗಸ್‌ನ ಫ್ರೀಮಾಂಟ್ ಬೀದಿಯತ್ತ ಹೊರಡುತ್ತಿದ್ದರು.

ಆ ಬೀದಿಯ ಕ್ಲಬ್ಬುಗಳು ಆಡಿ ಹೋಗುವ ಜಾಗಗಳು. ಆಡಿದಲ್ಲೇ ಉಂಡು, ಮಲಗಿ, ಮರುದಿನ ಮತ್ತೆ ಆಡುವ ಏರ್ಪಾಡನ್ನು ಹೆದ್ದಾರಿಗೆ ತಂದವರು ಕ್ಯಾಲಿಫೋರ್ನಿಯಾದ ಹೋಟೆಲ್ ಉದ್ಯಮಿ ಥಾಮಸ್ ಹಲ್. ನಗರದೊಳಗಿನ ಜಾಗ ಬಿಟ್ಟು, ಲಾಸ್ ಏಂಜಲೀಸ್‌ಗೆ ಹೋಗುವ 91ನೇ ಹೆದ್ದಾರಿಯ ಬದಿಯಲ್ಲಿ, ನಗರದ ಗಡಿಯಿಂದ ಸ್ವಲ್ಪ ಆಚೆಗೆ ಅವರು ಜಮೀನು ಕೊಂಡರು. ಅಲ್ಲಿ ನೆಲ ಅಗ್ಗ, ನಗರದ ತೆರಿಗೆ ಇಲ್ಲ, ಕಾರು ನಿಲ್ಲಿಸಲು ಬೇಕಾದಷ್ಟು ಜಾಗ. 1941ರ ಏಪ್ರಿಲ್ 3ರಂದು ತೆರೆದ 'ಎಲ್ ರಾಂಚೊ ವೇಗಸ್'ನಲ್ಲಿ ಕ್ಯಾಸಿನೊ, ಊಟದ ಮನೆ, ಕುಟೀರಗಳು ಎಲ್ಲವೂ ಒಂದೇ ಆವರಣದಲ್ಲಿದ್ದವು. ಈಜುಕೊಳವಂತೂ ಹೆದ್ದಾರಿಗೆ ಎದುರಾಗಿಯೇ ಇತ್ತು: ಮರುಭೂಮಿಯ ಬಿಸಿಲಲ್ಲಿ ಗಂಟೆಗಟ್ಟಲೆ ಕಾರು ಓಡಿಸಿ ಬಂದವರ ಕಣ್ಣಿಗೆ ಮೊದಲು ಬೀಳುತ್ತಿದ್ದದ್ದು ನೀರು. ಮರುವರ್ಷ 'ಲಾಸ್ಟ್ ಫ್ರಾಂಟಿಯರ್' ಬಂತು.

ಕೋಣೆಯ ಬೆಲೆ ಎಷ್ಟೆಂದು ತೋರಿಸಿಕೊಟ್ಟದ್ದು ಫ್ಲೆಮಿಂಗೊ. ಪತ್ರಿಕೋದ್ಯಮಿ ಬಿಲ್ಲಿ ವಿಲ್ಕರ್ಸನ್ ಆರಂಭಿಸಿದ್ದ ಈ ಕಟ್ಟಡವನ್ನು ಭೂಗತ ಲೋಕದ ಬಗ್ಸಿ ಸೀಗಲ್ ಕೈವಶ ಮಾಡಿಕೊಂಡ. 1946ರ ಡಿಸೆಂಬರ್ 26ರಂದು ಕ್ಯಾಸಿನೊ ತೆರೆದಾಗ ತಂಗುವ ಕೋಣೆಗಳು ಸಿದ್ಧವಾಗಿರಲಿಲ್ಲ. ಆಡಿದವರು ಗೆದ್ದ ಹಣದೊಂದಿಗೆ ಬೇರೆ ಹೋಟೆಲುಗಳಿಗೆ ಹೋಗಿ ಮಲಗಿದರು. ಫ್ಲೆಮಿಂಗೊ ಕೆಲವೇ ವಾರಗಳಲ್ಲಿ ಬಾಗಿಲು ಮುಚ್ಚಿ, ಕೋಣೆಗಳು ಮುಗಿದ ಮೇಲೆ 1947ರ ಮಾರ್ಚ್‌ನಲ್ಲಿ ಮತ್ತೆ ತೆರೆಯಿತು. ಆ ವರ್ಷದ ಜೂನ್ 20ರಂದು ಬೆವರ್ಲಿ ಹಿಲ್ಸ್‌ನಲ್ಲಿ ಸೀಗಲ್ ಗುಂಡಿಗೆ ಬಲಿಯಾದ.

ಹೆದ್ದಾರಿಯ ಹೋಟೆಲುಗಳ ಆದಾಯ ಕಂಡು ನಗರ ಅವನ್ನು ತನ್ನ ಎಲ್ಲೆಗೆ ಸೇರಿಸಿಕೊಳ್ಳಲು ಹೊರಟಿತು. ಕ್ಯಾಸಿನೊ ಮಾಲೀಕರು ಕೌಂಟಿಯ ಮೊರೆ ಹೊಕ್ಕರು. 1950ರ ಡಿಸೆಂಬರ್‌ನಲ್ಲಿ ಆ ನೆಲಕ್ಕೆ 'ಪ್ಯಾರಡೈಸ್' ಎಂಬ ಪ್ರತ್ಯೇಕ ಪಟ್ಟಣದ ಸ್ಥಾನ ದೊರೆತು, ನಗರದ ಕೈ ಕಟ್ಟಿಹೋಯಿತು.

1950ರ ದಶಕದಲ್ಲಿ ಡೆಸರ್ಟ್ ಇನ್, ಸಹಾರಾ, ಸ್ಯಾಂಡ್ಸ್, ರಿವಿಯೆರಾ, ಟ್ರಾಪಿಕಾನ, ಸ್ಟಾರ್‌ಡಸ್ಟ್ ಒಂದರ ಹಿಂದೊಂದು ಎದ್ದವು. ಜೂಜಿಗೆ ಸಾಲ ಕೊಡಲು ಬ್ಯಾಂಕುಗಳು ಹಿಂಜರಿದಾಗ ಭೂಗತ ಲೋಕದ ಹಣ ಬಂತು, ಆಮೇಲೆ ಟೀಮ್‌ಸ್ಟರ್ಸ್ ಕಾರ್ಮಿಕ ಸಂಘದ ಪಿಂಚಣಿ ನಿಧಿಯ ಸಾಲವೂ ಹರಿಯಿತು. ಲೆಕ್ಕಕ್ಕೆ ಬರುವ ಮೊದಲೇ ಹಣ ಸೋರಿಹೋಗುವುದು ರೂಢಿಯಾಗಿತ್ತು. ರಾಜ್ಯ 1955ರಲ್ಲಿ ಜೂಜು ನಿಯಂತ್ರಣ ಮಂಡಳಿಯನ್ನು ನೇಮಿಸಿತು.

ಈ ವೈಭವದ ಕಾಲದ ಅತಿ ದೊಡ್ಡ ಅನ್ಯಾಯ ವರ್ಣಭೇದ. ಹಾಸಿಗೆ ಹಾಸುವ, ಪಾತ್ರೆ ತೊಳೆಯುವ ಕೆಲಸಕ್ಕೆ ಕಪ್ಪು ಜನ ಬೇಕಾಗಿದ್ದರು. ಅತಿಥಿಗಳಾಗಿ ಅವರಿಗೆ ಪ್ರವೇಶವಿರಲಿಲ್ಲ. ಸ್ಯಾಮಿ ಡೇವಿಸ್ ಜೂನಿಯರ್‌ನಂಥ ಗಾಯಕರು ಕೂಡ ಆರಂಭದಲ್ಲಿ ವೇದಿಕೆಯಿಂದಿಳಿದು ಕಪ್ಪು ಜನರ ಬಡಾವಣೆಯಾಗಿದ್ದ ವೆಸ್ಟ್‌ಸೈಡ್‌ನ ಬಾಡಿಗೆ ಕೋಣೆಗೆ ಮರಳಬೇಕಿತ್ತು. ಎಲ್ಲ ಬಣ್ಣದವರಿಗೂ ತೆರೆದಿದ್ದ 'ಮುಲಾನ್ ರೂಜ್' 1955ರಲ್ಲಿ ಆರಂಭವಾಗಿ ಅದೇ ವರ್ಷ ಮುಚ್ಚಿತು. 1960ರ ಮಾರ್ಚ್‌ನಲ್ಲಿ, ದಂತವೈದ್ಯರೂ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆಯ ಸ್ಥಳೀಯ ಅಧ್ಯಕ್ಷರೂ ಆಗಿದ್ದ ಜೇಮ್ಸ್ ಮ್ಯಾಕ್‌ಮಿಲನ್, ಸ್ಟ್ರಿಪ್‌ನಲ್ಲಿ ಮೆರವಣಿಗೆ ನಡೆಸುವುದಾಗಿ ಗಡುವು ಕೊಟ್ಟರು. ವಹಿವಾಟು ಕೆಡುವ ಭಯದಿಂದ ಮಾಲೀಕರು ಮಣಿದರು. 26ರಂದು, ಮುಚ್ಚಿದ್ದ ಅದೇ ಮುಲಾನ್ ರೂಜ್‌ನಲ್ಲಿ ಕಪ್ಪು ಜನರಿಗೂ ಪ್ರವೇಶ ನೀಡುವ ಒಪ್ಪಂದವಾಯಿತು. ಸ್ಟ್ರಿಪ್‌ನ ಚರಿತ್ರೆಯಲ್ಲಿ ಯಾವ ಭವ್ಯ ಹೋಟೆಲಿನ ಉದ್ಘಾಟನೆಗಿಂತಲೂ ದೊಡ್ಡ ದಿನ ಅದು.

1966ರಲ್ಲಿ ಕೋಟ್ಯಧಿಪತಿ ಹೊವಾರ್ಡ್ ಹ್ಯೂಸ್ ಡೆಸರ್ಟ್ ಇನ್‌ಗೆ ಬಂದಿಳಿದು, ಮರುವರ್ಷ ಅದನ್ನೇ ಕೊಂಡು, ಬಳಿಕ ಹಲವು ಕ್ಯಾಸಿನೊಗಳನ್ನು ತನ್ನದಾಗಿಸಿಕೊಂಡ. ಪ್ರತಿಯೊಬ್ಬ ಷೇರುದಾರನೂ ಪರವಾನಗಿ ಪಡೆಯಬೇಕೆಂಬ ನಿಯಮವನ್ನು ಆ ದಶಕದ ಕೊನೆಗೆ ರಾಜ್ಯ ಸಡಿಲಿಸಿದ್ದರಿಂದ ದೊಡ್ಡ ಕಂಪನಿಗಳಿಗೆ ಹಾದಿ ತೆರೆಯಿತು. ಉದ್ಯಮಿ ಕರ್ಕ್ ಕರ್ಕೋರಿಯನ್ ಕಟ್ಟಿಸಿದ ಎಂಜಿಎಂ ಗ್ರ್ಯಾಂಡ್‌ನಲ್ಲಿ 1980ರ ನವೆಂಬರ್ 21ರಂದು ಬೆಂಕಿ ಬಿದ್ದು 85 ಜನ ಸತ್ತರು. ಕ್ಯಾಸಿನೊದಲ್ಲಿ ನೀರು ಚಿಮ್ಮಿಸುವ ವ್ಯವಸ್ಥೆ ಇರಲಿಲ್ಲ. ಹೆಚ್ಚಿನವರನ್ನು ಕೊಂದದ್ದು ಮೇಲಂತಸ್ತುಗಳಿಗೆ ಏರಿದ ಹೊಗೆ. ಆಮೇಲೆ ನೆವಾಡಾ ಅಗ್ನಿಸುರಕ್ಷೆಯ ಕಾನೂನನ್ನು ಬಿಗಿಗೊಳಿಸಿತು.

1989ರ ನವೆಂಬರ್‌ನಲ್ಲಿ ಕ್ಯಾಸಿನೊ ಉದ್ಯಮಿ ಸ್ಟೀವ್ ವಿನ್ ತೆರೆದ 'ಮಿರಾಜ್' ಇಂದಿನ ರೆಸಾರ್ಟಿಗೆ ಮಾದರಿಯಾಯಿತು. ಮೂರು ಸಾವಿರಕ್ಕೂ ಹೆಚ್ಚು ಕೋಣೆಗಳು, ಎದುರಿಗೆ ಬೆಂಕಿಯುಗುಳುವ ಕೃತಕ ಜ್ವಾಲಾಮುಖಿ, ಒಳಗೆ ಸಸ್ಯೋದ್ಯಾನ. 1993ರಲ್ಲಿ ಐದು ಸಾವಿರ ಕೋಣೆಗಳ ಹೊಸ ಎಂಜಿಎಂ ಗ್ರ್ಯಾಂಡ್, 1998ರಲ್ಲಿ ಕಾರಂಜಿಗಳ ಬೆಲಾಜಿಯೊ ಬಂದವು. ಮೊದಲು ಕೋಣೆ, ಊಟಗಳನ್ನು ಅಗ್ಗಕ್ಕೆ ಕೊಟ್ಟು ಜೂಜಿನಲ್ಲಿ ಲಾಭ ಮಾಡುತ್ತಿದ್ದರು. ಆ ದಶಕ ಮುಗಿಯುವ ಹೊತ್ತಿಗೆ ಲೆಕ್ಕ ತಿರುಗಿತು: ಕೋಣೆ, ಊಟ, ಪ್ರದರ್ಶನ, ಅಂಗಡಿಗಳ ಒಟ್ಟು ಆದಾಯ ಜೂಜಿನ ಆದಾಯವನ್ನು ಮೀರಿತು. ಇಂದು ತಂಗುವವರು ಬಾಡಿಗೆಯ ಮೇಲೆ ದಿನಕ್ಕಿಷ್ಟೆಂದು 'ರೆಸಾರ್ಟ್ ಶುಲ್ಕ'ವನ್ನೂ ತೆರುತ್ತಾರೆ.

ಈ ಸಾವಿರಾರು ಕೋಣೆಗಳ ಹಿಂದೆ ಇರುವುದು ದುಡಿಯುವವರ ಸಂಘಬಲ. ಫ್ರಾಂಟಿಯರ್ ಹೋಟೆಲಿನ ಕೆಲಸಗಾರರು 1991ರ ಸೆಪ್ಟೆಂಬರ್‌ನಲ್ಲಿ ಆರಂಭಿಸಿದ ಮುಷ್ಕರ ಆರು ವರ್ಷಕ್ಕೂ ಹೆಚ್ಚು ನಡೆಯಿತು. ಮಾಲೀಕರು ಹೋಟೆಲನ್ನೇ ಮಾರಿದ ಮೇಲೆ 1998ರಲ್ಲಿ ಕಾರ್ಮಿಕರು ಗೆದ್ದು ಒಳಗೆ ನಡೆದರು. ಸ್ಟ್ರಿಪ್‌ನಲ್ಲಿ ಕೋಣೆ ಸ್ವಚ್ಛಗೊಳಿಸುವವರಿಗೆ ಮರ್ಯಾದೆಯ ಸಂಬಳ, ವೈದ್ಯಕೀಯ ವಿಮೆ, ಪಿಂಚಣಿ ಸಿಗುವಂತಾದದ್ದು ಹೋಟೆಲ್ ಕಾರ್ಮಿಕರ ಕಲಿನರಿ ಸಂಘದ ಇಂಥ ಹೋರಾಟಗಳಿಂದ.

ಹಳೆಯದನ್ನು ಉಳಿಸಿಕೊಳ್ಳುವ ಅಭ್ಯಾಸ ಈ ರಸ್ತೆಗಿಲ್ಲ. ಎಲ್ ರಾಂಚೊ 1960ರಲ್ಲಿ ಸುಟ್ಟುಹೋಯಿತು. ಸ್ಯಾಂಡ್ಸ್, ಡೆಸರ್ಟ್ ಇನ್, ಸ್ಟಾರ್‌ಡಸ್ಟ್, ರಿವಿಯೆರಾಗಳನ್ನು ಮಾಲೀಕರೇ ಕೆಡವಿದರು. ಮಿರಾಜ್ 2024ರ ಜುಲೈನಲ್ಲಿ ಮುಚ್ಚಿತು. 1957ರ ಟ್ರಾಪಿಕಾನವನ್ನು ಅದೇ ವರ್ಷದ ಅಕ್ಟೋಬರ್ 9ರಂದು ಸ್ಫೋಟಕ ಇಟ್ಟು ಉರುಳಿಸಲಾಯಿತು. ಆ ಜಾಗ ಈಗ ಬೇಸ್‌ಬಾಲ್ ಕ್ರೀಡಾಂಗಣಕ್ಕೆ ಮೀಸಲು.