ಬಾವಿಯಿಂದ ಕೊಳವೆಬಾವಿಗೆ

ನಿಮ್ಮ ಬೀದಿಯಲ್ಲಿ ಎಂದಾದರೊಂದು ಸಂಜೆ ಎರಡು ದೊಡ್ಡ ಲಾರಿಗಳು ಬಂದು ನಿಂತು, ಮನೆಮನೆಯ ಕಿಟಕಿಗಳು ಅದುರುವಂತೆ ಗುಡುಗಿದ್ದನ್ನು ಕೇಳಿರುತ್ತೀರಿ. ಮರುದಿನ ನೋಡಿದರೆ ತುಳಸಿಕಟ್ಟೆಯ ಮೇಲೆ, ಒಣಗಹಾಕಿದ ಬಟ್ಟೆಯ ಮೇಲೆ, ಎಲ್ಲೆಲ್ಲಿಯೂ ಬೂದಿಬಣ್ಣದ ಪುಡಿ. ಹಳೆಯ ಮೈಸೂರು ಸೀಮೆಯ ಬಹುಪಾಲು ಊರುಗಳಲ್ಲಿ ಅದು ಸುಮಾರು 300 ಕೋಟಿ ವರ್ಷ ವಯಸ್ಸಾದ ಬಂಡೆಯ ಹಿಟ್ಟು. ಆ ಲಾರಿಯನ್ನು ನಾಳೆ ನೀವೇ ಕರೆಸಬೇಕಾಗಿ ಬರಬಹುದು. ಕರೆಸುವುದಕ್ಕೆ ಮುನ್ನ ಆ ಬಂಡೆಯ ಸಂಗತಿಯನ್ನೂ, ಅದರೊಳಗೆ ನಮ್ಮವರು ನೀರು ಹುಡುಕಿಕೊಂಡು ಬಂದ ಬಗೆಯನ್ನೂ ತುಸು ತಿಳಿದಿದ್ದರೆ ನಷ್ಟವಿಲ್ಲ. ತಿಳಿಯದಿದ್ದರೆ ನಷ್ಟ ಉಂಟು, ಅದೂ ಅಡಿಯ ಲೆಕ್ಕದಲ್ಲಿ.

ನೆಲದೊಳಗಿನ ನೀರಿನ ವಿಚಾರ ನಮ್ಮಲ್ಲಿ ಹೊಸದಲ್ಲ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಇದಕ್ಕಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಮನುಷ್ಯನ ಮೈಯಲ್ಲಿ ರಕ್ತನಾಳಗಳಿರುವಂತೆ ಭೂಮಿಯಲ್ಲಿ ನೀರಿನ ಸಿರಗಳು ಕೆಲವು ಮೇಲೆ, ಕೆಲವು ಕೆಳಗೆ ಹರಿಯುತ್ತವೆ ಎಂಬುದು ಅವನ ಮತ. ಯಾವ ಮರದ ಯಾವ ಮಗ್ಗುಲಲ್ಲಿ ಹುತ್ತವಿದ್ದರೆ ಎಷ್ಟು ಆಳದಲ್ಲಿ ನೀರುಂಟೆಂದು ಅವನು ಒಂದೊಂದಾಗಿ ಹೇಳುತ್ತಾನೆ. ಅವನ ಅಳತೆಗೋಲು ಪುರುಷ, ಎಂದರೆ ಕೈ ಎತ್ತಿ ನಿಂತ ಮನುಷ್ಯನ ಎತ್ತರ. ನಮ್ಮ ಲೆಕ್ಕದಲ್ಲಿ ಸುಮಾರು ಏಳೂವರೆ ಅಡಿ. ಅವನ ಲಕ್ಷಣಗಳನ್ನೆಲ್ಲ ನಾವು ಈಗ ನಂಬಬೇಕಾಗಿಲ್ಲ. ಆದರೆ ಮರದ ಬೇರಿಗೂ ಗೆದ್ದಲಿಗೂ ಎಟುಕುವ ನೀರು ಮೇಲ್ಪದರದ್ದು, ಗುದ್ದಲಿಗೂ ಎಟುಕುವಂಥದ್ದು ಎಂಬ ಮಾತನ್ನು ನೆನಪಿನಲ್ಲಿಡಿ.

ಆ ಮೇಲ್ಪದರ ನಮ್ಮ ನಾಡಿನಲ್ಲಿ ಎಲ್ಲ ಕಡೆಯೂ ಒಂದೇ ತೆರನಾಗಿಲ್ಲ. ಬೀದರಿನಲ್ಲಿ ಮೇಲೆ ಜಂಬಿಟ್ಟಿಗೆಯ ಹೊದಿಕೆ, ಕೆಳಗೆ ಲಾವಾರಸ ಆರಿ ಆದ ಕಪ್ಪುಕಲ್ಲು. ಮಳೆನೀರು ಜಂಬಿಟ್ಟಿಗೆಯಲ್ಲಿ ಸಲೀಸಾಗಿ ಇಳಿದು ಕಪ್ಪುಕಲ್ಲಿನ ಮೇಲೆ ತಡೆದು ನಿಲ್ಲುತ್ತದೆ. ಹದಿನೈದನೆಯ ಶತಮಾನದಲ್ಲಿ, ಬಹಮನಿ ಸುಲ್ತಾನರ ಕಾಲದಲ್ಲಿ, ನೌಬಾದಿನ ಬಳಿ ಪಾರಸೀಕರ ಪದ್ಧತಿಯಂತೆ ಸುರಂಗ ಕೊರೆದು ಆ ನೀರನ್ನು ಏತವಿಲ್ಲದೆ ತಾನಾಗಿ ಹರಿದುಬರುವಂತೆ ಮಾಡಿದರು. ಕಾರೆಜ್ ಎಂಬ ಆ ಸುರಂಗಬಾವಿಯನ್ನು ಇಂದಿಗೂ ನೋಡಬಹುದು. ದಕ್ಷಿಣ ಕನ್ನಡದ ಮುರಕಲ್ಲಿನ ಗುಡ್ಡಗಳಲ್ಲಿ ರೈತರು ಅಡಿಕೆ ತೋಟಕ್ಕೆಂದು ಅಡ್ಡವಾಗಿ ತೋಡಿದ ಸುರಂಗಗಳೂ ಇದೇ ಜಾಣ್ಮೆಯವು.

ಬೆಂಗಳೂರು, ಕೋಲಾರ, ತುಮಕೂರುಗಳ ಕಡೆಯದು ಬೇರೆ ಮಾತು. ಲಾಲ್‌ಬಾಗಿನ ಬಂಡೆಯನ್ನು ನೀವು ಹತ್ತಿರುತ್ತೀರಿ. 1894ರಲ್ಲಿ ಸ್ಥಾಪಿತವಾದ ಮೈಸೂರು ಭೂವಿಜ್ಞಾನ ಇಲಾಖೆಯ ಮುಖ್ಯಸ್ಥರಾಗಿದ್ದ ಸ್ಮೀತ್ ಅವರು ಈ ಜಾತಿಯ ಕಲ್ಲಿಗೆ ಪೆನಿನ್ಸುಲರ್ ನೈಸ್ ಎಂದು ಹೆಸರಿಟ್ಟರು. ಈ ಕಲ್ಲಿಗೆ ಹೀರುವ ಗುಣವಿಲ್ಲ. ನೀರು ನಿಲ್ಲುವುದು ಎರಡೇ ಕಡೆ: ಬಂಡೆಯ ನೆತ್ತಿಯಲ್ಲಿ ಬಿಸಿಲುಮಳೆಗೆ ಶಿಥಿಲವಾಗಿ ಗರಸಾದ ಪದರದಲ್ಲಿ, ಮತ್ತು ಅದರ ಕೆಳಗೆ ಬಂಡೆ ಬಿರುಕುಬಿಟ್ಟಲ್ಲಿ. ಗರಸಿನ ಪದರ ಕೆಲವೆಡೆ ಹತ್ತಡಿ, ಕೆಲವೆಡೆ ನೂರಡಿಯೂ ಉಂಟು. ಬಿರುಕುಗಳು ಮಾತ್ರ ಆಳಕ್ಕೆ ಹೋದಂತೆಲ್ಲ ಸಾಮಾನ್ಯವಾಗಿ ವಿರಳವಾಗುತ್ತವೆ, ಬಿಗಿಯಾಗುತ್ತವೆ. ಪಾತಾಳದಲ್ಲಿ ಗಂಗೆ ಹರಿಯುತ್ತಿದ್ದಾಳೆ, ಇನ್ನಷ್ಟು ಕೊರೆದರೆ ಸಿಕ್ಕೇ ಸಿಗುತ್ತಾಳೆ ಎಂಬ ನಂಬಿಕೆ ಈ ಕಲ್ಲಿಗೆ ಒಪ್ಪುವುದಿಲ್ಲ.

ಹಿಂದೆ ಬಾವಿ ತೋಡುವ ಭೋವಿಗಳು ಗರಸು ಮುಗಿದು ಗಟ್ಟಿಕಲ್ಲು ತಾಗಿದ ಕಡೆ ಹೆಚ್ಚುಕಡಮೆ ಕೈನಿಲ್ಲಿಸುತ್ತಿದ್ದರು. ನೀರೆತ್ತುವುದೋ ಕೊಡ, ರಾಟೆ, ಇಲ್ಲವೆ ಎತ್ತು ಹೂಡಿದ ಕಪಿಲೆ. ಎತ್ತು ದಣಿದರೆ ನೀರೆತ್ತುವುದು ನಿಂತಿತು. ಇರುಳೆಲ್ಲ ಬಾವಿ ಮತ್ತೆ ತುಂಬಿಕೊಳ್ಳುತ್ತಿತ್ತು. ಬೆಂಗಳೂರಿಗೆ 1896ರಲ್ಲಿ ಹೆಸರಘಟ್ಟದ ನಲ್ಲಿನೀರು ಬರುವವರೆಗೂ ಊರು ಬದುಕಿದ್ದು ಕೆರೆಗಳಿಂದ, ಮತ್ತು ಕೆರೆಯ ಒಸರಿನಿಂದ ತುಂಬುವ ಇಂಥ ಬಾವಿಗಳಿಂದ.

ಈ ಲೆಕ್ಕವನ್ನು ಬದಲಿಸಿದ್ದು ಒಂದು ಬರ. 1966–67ರಲ್ಲಿ ಬಿಹಾರದಲ್ಲಿ ಮಳೆ ಕೈಕೊಟ್ಟು ಬಾವಿಗಳು ಬತ್ತಿದಾಗ ವಿಶ್ವಸಂಸ್ಥೆಯ ಯುನಿಸೆಫ್ ಹೊಸ ಮಾದರಿಯ ಕೊರೆಯುವ ಯಂತ್ರಗಳನ್ನು ತರಿಸಿತು. ಒತ್ತಿದ ಗಾಳಿಯ ಬಲದಿಂದ ಗುಂಡಿಯ ತಳದಲ್ಲಿಯೇ ಸುತ್ತಿಗೆ ಬಡಿಯುತ್ತ, ಪುಡಿಯಾದ ಕಲ್ಲನ್ನು ಅದೇ ಗಾಳಿ ಮೇಲಕ್ಕೆ ತೂರುವ ಯಂತ್ರ ಅದು. ಹಳೆಯ ಜಜ್ಜುಯಂತ್ರಕ್ಕೆ ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಒಂದೆರಡು ದಿನದಲ್ಲಿ ಮುಗಿಯತೊಡಗಿತು. ಹಳ್ಳಿಯ ಜನ ಶುದ್ಧವಾದ ನೀರು ಕುಡಿದರು; ಆ ಉಪಕಾರವನ್ನು ಮರೆಯಲಾಗದು. ಮುಂದೆ ತಮಿಳುನಾಡಿನ ತಿರುಚೆಂಗೋಡು ಈ ಲಾರಿಗಳ ತವರೇ ಆಯಿತು. ಅಂದಹಾಗೆ, ಕೊಳವೆಬಾವಿ ಎಂಬ ಹೆಸರು ಗಂಗೆಯ ಬಯಲಿನ ಮೆಕ್ಕಲುಮಣ್ಣಿಗೆ ಸರಿ. ಅಲ್ಲಿ ಕೊಳವೆ ಇಲ್ಲದಿದ್ದರೆ ಗುಂಡಿ ಕುಸಿಯುತ್ತದೆ. ನಮ್ಮಲ್ಲಿ ಕೊಳವೆ ಇರುವುದು ಗರಸಿನ ಪದರಕ್ಕೆ ಮಾತ್ರ, ಉಳಿದದ್ದು ಬರಿಯ ಕಲ್ಲಿನ ತೂತು.

ಆದರೆ ವಿದ್ಯುತ್ ಪಂಪಿಗೆ ಎತ್ತಿನ ದಣಿವಿಲ್ಲ. ಬಿರುಕಿನಲ್ಲಿದ್ದ ಹಳೆಯ ನೀರು ಮಳೆ ತುಂಬುವುದಕ್ಕಿಂತ ಬೇಗ ಮುಗಿಯಿತು. 2024ರ ಮಾರ್ಚಿನಲ್ಲಿ ಬೆಂಗಳೂರಿನ ಸರ್ಕಾರಿ ಕೊಳವೆಬಾವಿಗಳು ಸುಮಾರು 13,900 ಇದ್ದು, ಅವುಗಳಲ್ಲಿ 6,900ರಷ್ಟು ಬತ್ತಿವೆ ಎಂದು ಸರ್ಕಾರವೇ ತಿಳಿಸಿತು. ಇತ್ತ ಕಬ್ಬನ್ ಪಾರ್ಕಿನ ಹಾಳುಬಿದ್ದ ತೆರೆದ ಬಾವಿಗಳ ಹೂಳನ್ನು ಬಾವಿ ತೋಡುವವರು ತೆಗೆದಾಗ, ಕೆಲವೇ ಆಳುದ್ದದಲ್ಲಿ ನೀರು ಕಾಣಿಸಿತು.

ಈಗ ನಿಮ್ಮ ಮನೆಯ ಮಾತು. ಮೊದಲು ಅಕ್ಕಪಕ್ಕದ ನಾಲ್ಕು ಮನೆಗಳಲ್ಲಿ ಮೂರು ಸಂಗತಿ ವಿಚಾರಿಸಿ: ಕೇಸಿಂಗ್ ಪೈಪು ಎಷ್ಟು ಅಡಿ ಇಳಿಯಿತು, ನೀರು ಮೊದಲು ಎಷ್ಟು ಅಡಿಗೆ ಸಿಕ್ಕಿತು, ಬೇಸಗೆಯಲ್ಲಿ ಎಷ್ಟು ಉಳಿಯುತ್ತದೆ. ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ಜಲ ನೋಡುವವರಿಗಿಂತ ಈ ಉತ್ತರಗಳೇ ಮೇಲೆಂದು ನನ್ನ ಎಣಿಕೆ. ಕೈಲಾದರೆ ಭೂವಿಜ್ಞಾನಿಯನ್ನೂ ಕರೆಸಬಹುದು. 2011ರ ಕರ್ನಾಟಕದ ಅಂತರ್ಜಲ ಕಾಯಿದೆಯಂತೆ ಕೊರೆಯುವ ಯಂತ್ರ ನೋಂದಣಿಯಾಗಿರಬೇಕು. ಆ ಕಾಗದವನ್ನು ಕೇಳಿ ನೋಡಿ. ಅಡಿಗೆಷ್ಟು, ಎಷ್ಟು ನೂರಡಿ ದಾಟಿದ ಮೇಲೆ ದರ ಹೇಗೆ ಏರುತ್ತದೆ, ಕೇಸಿಂಗಿಗೆ ಬೇರೆ ಎಷ್ಟು ಎಂಬುದನ್ನು ಬರೆಸಿಕೊಳ್ಳಿ. ಲಾರಿಯವನ ಕೂಲಿ ಅಡಿಗೆ ಹೊರತು ನೀರಿಗಲ್ಲ. ಅದು ಅವನ ತಪ್ಪೂ ಅಲ್ಲ, ಕಸುಬಿನ ರೀತಿಯೇ ಹಾಗೆ. ಆದ್ದರಿಂದ ಎಷ್ಟು ಅಡಿಗೆ ನಿಲ್ಲಿಸುವುದೆಂದು ಮನೆಯವರೆಲ್ಲ ಕೂತು ಹಿಂದಿನ ದಿನವೇ ಗೊತ್ತುಮಾಡಿಕೊಳ್ಳಿ. ನಡುರಾತ್ರಿಯಲ್ಲಿ, ಒಣಪುಡಿ ಏಳುತ್ತಿರುವಾಗ, ‘ಸ್ವಾಮಿ, ಇನ್ನೊಂದು ನೂರಡಿ ಹೋಗೋಣವೆ?’ ಎಂದು ಕೇಳಿದರೆ ಬೇಡವೆನ್ನುವ ಧೈರ್ಯ ಯಾರಿಗೂ ಬರುವುದಿಲ್ಲ. ಮಗಳ ಮದುವೆಗೆಂದು ಇಟ್ಟ ಹಣ ಹೀಗೆ ಕಲ್ಲಿನೊಳಗೆ ಇಳಿದ ಮನೆಗಳನ್ನು ನೀವೂ ಬಲ್ಲಿರಿ.

ಕೊರೆಯುವಾಗ ಪಕ್ಕದಲ್ಲಿರಿ. ಇಳಿದ ಸರಳುಗಳನ್ನು ನೀವೇ ಎಣಿಸಿ. ಒಂದರ ಉದ್ದವನ್ನು ಮೊದಲೇ ಅಳೆದಿಟ್ಟರೆ ಆಳ ತಾನಾಗಿ ತಿಳಿಯುತ್ತದೆ. ಪುಡಿಯ ಬಣ್ಣ ಬದಲಾದಾಗ ಒಂದು ಹಿಡಿ ಪೊಟ್ಟಣ ಕಟ್ಟಿ, ಆಳವನ್ನು ಅದರ ಮೇಲೆ ಬರೆಯಿರಿ. ಕೇಸಿಂಗು ಗಟ್ಟಿಕಲ್ಲಿನೊಳಗೆ ಊರಿ ಕೂತಿತೆ ಎಂದು ನೋಡಿ, ಇಲ್ಲದಿದ್ದರೆ ಬಚ್ಚಲುಗುಂಡಿಯ ನೀರೂ ಒಳಗೆ ಸೇರೀತು. ಕೋಲಾರ, ಪಾವಗಡಗಳ ಕಡೆಯವರು ಸಿಕ್ಕ ನೀರನ್ನು ಕುಡಿಯುವ ಮೊದಲು ಪರೀಕ್ಷೆಗೆ ಕಳಿಸುವುದು ಅಗತ್ಯ. ಅಲ್ಲಿನ ಬಂಡೆಯ ಫ್ಲೋರೈಡು ಲೀಟರಿಗೆ ಒಂದೂವರೆ ಮಿಲಿಗ್ರಾಮನ್ನು ಮೀರಿದರೆ ಮಕ್ಕಳ ಹಲ್ಲಿಗೂ ದೊಡ್ಡವರ ಮೂಳೆಗೂ ಕೇಡು. ನೀರು ಬೀಳದಿದ್ದರೆ ಲಾರಿ ಹೊರಡುವ ಮುನ್ನವೇ ತೂತನ್ನು ತಳದಿಂದ ಮೇಲಿನವರೆಗೂ ಮುಚ್ಚಿಸಿ. ಮಕ್ಕಳು ಬಿದ್ದ ದುರಂತಗಳ ನಂತರ ಸುಪ್ರೀಂ ಕೋರ್ಟು 2010ರಲ್ಲಿ ಇದನ್ನು ಆಜ್ಞೆಯಾಗಿಯೇ ವಿಧಿಸಿದೆ. ಇನ್ನು ಹಿತ್ತಲಿನಲ್ಲಿ ಅಜ್ಜನ ಕಾಲದ ಬಾವಿಯೊಂದು ಚಪ್ಪಡಿಯ ಕೆಳಗೆ ಇದೆಯಾದರೆ, ಲಾರಿಗೆ ಮುಂಗಡ ಕೊಡುವ ಮೊದಲು ಚಪ್ಪಡಿ ಸರಿಸಿ, ಒಂದು ಕಲ್ಲು ಹಾಕಿ ಸದ್ದು ಕೇಳಿ ನೋಡಿ.