ಮೇಷ್ಟರೊಬ್ಬರು ಕೊಟ್ಟ ತಟ್ಟೆ

ಕಳೆದ ಶ್ರಾವಣದ ಒಂದು ಸಂಜೆ ನನ್ನ ಗಣಕಯಂತ್ರದ ಪೆಟ್ಟಿಗೆಯೊಳಗಿಂದ ಹಲ್ಲಿ ಲೊಚಗುಟ್ಟಿದಂತಹ ಸದ್ದು ಕೇಳಿಬಂದಿತು. ನಮ್ಮಾಕೆ ರೂಢಿಯಂತೆ ನೆಲಕ್ಕೆ ಬೆರಳು ತಟ್ಟಿ 'ಕೃಷ್ಣ ಕೃಷ್ಣ' ಎಂದಳು. ಸದ್ದು ನಿಲ್ಲಲಿಲ್ಲ. ಅಂದು ಕಡತವೊಂದು ತೆರೆಯಲು ಐದು ನಿಮಿಷ ಹಿಡಿಯಿತು. ಮರುದಿನ ತೆರೆಯಲೇ ಇಲ್ಲ. ನಾನು ಮೊದಲು ಪಾಠ ಹೇಳಿದ ಊರಿನ ಶಾಲೆಯ ಹಳೆಯ ದಾಖಲಾತಿ ಪುಸ್ತಕಗಳನ್ನು ಮುಂದಿಟ್ಟುಕೊಂಡು, ನಿವೃತ್ತಿಯ ನಂತರ ನಾಲ್ಕು ವರ್ಷ 'ನುಡಿ' ತಂತ್ರಾಂಶದಲ್ಲಿ ಬೆರಳಚ್ಚಿಸಿದ ಟಿಪ್ಪಣಿಗಳೆಲ್ಲ ಆ ಹಾರ್ಡ್ ಡಿಸ್ಕಿನಲ್ಲಿದ್ದವು. ಮೂಲ ಪುಸ್ತಕಗಳು ಅಷ್ಟರಲ್ಲಿ ಗೆದ್ದಲಿನ ಪಾಲಾಗಿದ್ದವು. ಇನ್ನೊಂದು ಪ್ರತಿ ತೆಗೆದಿಟ್ಟಿರಲಿಲ್ಲ; ಅದು ನನ್ನದೇ ಆಲಸ್ಯ.

ಈ ತಟ್ಟೆಯ ಮೂಲವನ್ನು ಹುಡುಕುತ್ತಾ ಹೋದಾಗ ನನಗೆ ಎದುರಾದವನು ಒಬ್ಬ ಉಪಾಧ್ಯಾಯ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕನಾಗಿದ್ದ ರೆನಾಲ್ಡ್ ಜಾನ್ಸನ್, ಉತ್ತರಪತ್ರಿಕೆಗಳನ್ನು ತಾನಾಗಿ ತಿದ್ದುವ ಯಂತ್ರವೊಂದನ್ನು ರಚಿಸಿದ. (ತಿದ್ದಿ ತಿದ್ದಿ ಬೇಸತ್ತ ನಮ್ಮಲ್ಲಿ ಯಾರಿಗೂ ಅದು ಹೊಳೆಯಲಿಲ್ಲವಲ್ಲ!) ಪೆನ್ಸಿಲ್ ಗೆರೆಯ ಮೂಲಕ ವಿದ್ಯುತ್ತು ಹರಿಯುತ್ತದೆಂಬುದೇ ಆ ಯಂತ್ರದ ಗುಟ್ಟು. ಐಬಿಎಂ ಸಂಸ್ಥೆ 1934ರಲ್ಲಿ ಆತನನ್ನು ಕೆಲಸಕ್ಕೆ ಸೇರಿಸಿಕೊಂಡಿತು. 1952ರಲ್ಲಿ ಸ್ಯಾನ್ ಹೋಸೆ ನಗರದಲ್ಲಿ ಹೊಸ ಪ್ರಯೋಗಾಲಯ ತೆರೆಯಲು ಕಳುಹಿಸಿತು. ಅಲ್ಲಿಂದ 1956ರಲ್ಲಿ ಹೊರಬಂದುದೇ 'ರಾಮ್ಯಾಕ್'. ಎರಡಡಿ ವ್ಯಾಸದ ಐವತ್ತು ತಟ್ಟೆಗಳು, ಒಂದು ಟನ್ನಿಗೂ ಮಿಕ್ಕ ತೂಕ. ಹಿಡಿಯುತ್ತಿದ್ದುದು ಐವತ್ತು ಲಕ್ಷ ಅಕ್ಷರಗಳನ್ನು ಮಾತ್ರ. ನನ್ನ ಶಾಲೆಯ ಟಿಪ್ಪಣಿಗಳು ಅದರಲ್ಲಿ ಹೇಗೋ ಹಿಡಿಸುತ್ತಿದ್ದವು, ಛಾಯಾಚಿತ್ರಗಳಿಗೆ ಜಾಗವಿರುತ್ತಿರಲಿಲ್ಲ.

ತಟ್ಟೆಯ ಮೇಲಿನ ಕಾಂತೀಯ ಲೇಪವನ್ನು ಓದುವ ತಲೆ ಅದನ್ನು ಮುಟ್ಟಕೂಡದು, ದೂರವೂ ಸರಿಯಕೂಡದು. ರಾಮ್ಯಾಕಿನಲ್ಲಿ ಒತ್ತಿದ ಗಾಳಿಯನ್ನು ಊದಿ ಈ ಅಂತರವನ್ನು ಕಾಯುತ್ತಿದ್ದರು. ಮುಂದೆ, ತಿರುಗುವ ತಟ್ಟೆಯೊಡನೆ ಸುತ್ತುವ ಗಾಳಿಯೇ ತಲೆಯನ್ನು ಎತ್ತಿಹಿಡಿಯುವಂತಾಯಿತು. 1973ರಲ್ಲಿ ಬಂದ, 'ವಿಂಚೆಸ್ಟರ್' ಎಂಬ ಅಡ್ಡಹೆಸರಿನ ಐಬಿಎಂ ಯಂತ್ರದಲ್ಲಿ ತಲೆ, ತಟ್ಟೆಗಳೆರಡೂ ಒಂದೇ ಮುಚ್ಚಿದ ಪೆಟ್ಟಿಗೆ ಸೇರಿದವು. ನಮ್ಮ ಮನೆಗಳಿಗೆ ಬಂದ ಹಾರ್ಡ್ ಡಿಸ್ಕುಗಳೆಲ್ಲ ಅದರ ಸಂತತಿಯೇ. ಇಂದು ಆ ಅಂತರ ಕೆಲವೇ ನ್ಯಾನೋಮೀಟರ್. ಒಂದು ಧೂಳಿನ ಕಣವೂ ಅಲ್ಲಿ ಬಂಡೆಯೇ ಸರಿ. ಆದುದರಿಂದಲೇ ಪೆಟ್ಟಿಗೆಯನ್ನು ಮನೆಯಲ್ಲಿ ಬಿಚ್ಚಬಾರದು.

ಪಟ್ಟಣದಲ್ಲಿ ಗಣಕಯಂತ್ರ ರಿಪೇರಿ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದ. ಡಿಸ್ಕನ್ನು ಫ್ರಿಜ್ಜಿನಲ್ಲಿಡಿ ಎಂದು ನೆರೆಯವರು ಕೊಟ್ಟಿದ್ದ ಸಲಹೆಯನ್ನು ಹೇಳಿದೆ. "ಬೇಡಿ ಸಾರ್, ಒಳಗೆ ತೇವ ಕೂತರೆ ಇದ್ದದ್ದೂ ಹೋಗುತ್ತೆ" ಎಂದ. ಮೊದಲು ಕೇಬಲ್ ಬದಲಿಸಿ ನೋಡಿದ, ಬಳಿಕ ವಿದ್ಯುತ್ ಪೂರೈಸುವ ತಂತಿಯನ್ನು. ಸದ್ದು ಹಾಗೆಯೇ ಇತ್ತು. ತಲೆಯು ತನ್ನ ಜಾಡು ಸಿಗದೆ ಹಿಂದಕ್ಕೆ ಹೋಗಿ ಮತ್ತೆ ಹುಡುಕುವ ಸದ್ದಂತೆ ಅದು. ಡಿಸ್ಕು ತನ್ನ ಆರೋಗ್ಯವನ್ನು ತಾನೇ ಬರೆದಿಡುವ 'ಸ್ಮಾರ್ಟ್' ಎಂಬ ವ್ಯವಸ್ಥೆಯೊಂದಿದೆ. ಅದರಲ್ಲಿ, ಓದಲಾಗದೆ ಬಾಕಿ ಉಳಿದ ಭಾಗಗಳ ಸಂಖ್ಯೆ ಬೆಳಿಗ್ಗೆಗಿಂತ ಸಂಜೆಗೆ ಹೆಚ್ಚಿತ್ತು. ವಿಂಡೋಸಿನಲ್ಲೇ ಇರುವ ದೋಷ ತಿದ್ದುವ ಸಾಧನವನ್ನು ಓಡಿಸೋಣವೇ ಎಂದೆ. ಒಪ್ಪಲಿಲ್ಲ. ಸಾಯುತ್ತಿರುವ ಡಿಸ್ಕನ್ನು ತಿದ್ದಹೋದರೆ ಅದಕ್ಕೆ ಇನ್ನಷ್ಟು ದಣಿವು. ಮೊದಲು ನಕಲು, ಆಮೇಲೆ ಉಳಿದದ್ದು ಎಂದ.

ಪೆನ್‌ಡ್ರೈವಿನಿಂದ ಲಿನಕ್ಸ್ ನಡೆಸಿ, 'ಡಿಡಿರೆಸ್ಕ್ಯೂ' ಎಂಬ ತಂತ್ರಾಂಶದಿಂದ ಹೊಸ ಡಿಸ್ಕಿಗೆ ಪ್ರತಿ ತೆಗೆಯತೊಡಗಿದ. ಅದು ಸುಲಭವಾಗಿ ಓದಲಾಗುವ ಭಾಗಗಳನ್ನು ಮೊದಲು ಮುಗಿಸಿ, ಮೊಂಡು ಹಿಡಿದ ಭಾಗಗಳಿಗೆ ಕೊನೆಗೆ ಮರಳುತ್ತದೆ. ಪರೀಕ್ಷೆಯಲ್ಲಿ ಹೀಗೆಯೇ ಮಾಡಬೇಕೆಂದು ಅವನಿಗೆ ಹೇಳಿಕೊಟ್ಟವನು ನಾನೇ. ಇಡೀ ರಾತ್ರಿ ಸಾಗಿದ ಆ ಕೆಲಸ ಮುಗಿಯುವ ಮೊದಲೇ ಹಳೆಯ ಡಿಸ್ಕು ಮಾತು ನಿಲ್ಲಿಸಿತು.

ಹೆಚ್ಚಿನ ಕಡತಗಳು ದಕ್ಕಿದವು. 1926ರಿಂದ 1931ರವರೆಗಿನದು ಮಾತ್ರ ತೆರೆಯುತ್ತದೆ, ಒಳಗೆ ಅಕ್ಷರಗಳಿಲ್ಲ. ಆ ವರ್ಷಗಳಲ್ಲಿ ಶಾಲೆಗೆ ಸೇರಿದ ಮಕ್ಕಳ ಹೆಸರುಗಳಲ್ಲಿ ನನಗೆ ಈಗ ನೆನಪಿರುವುದು ಹನ್ನೊಂದು. ಅವನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.