ಬೆಟ್ಟದ ಹಳ್ಳಿ, ಗಣಿಯ ಗರ್ಭ: ಜಪಾನಿನ ಸಂಶೋಧನಾ ಧನಸಹಾಯದ ಚರಿತ್ರೆಯ ಕೆಲವು ಘಟ್ಟಗಳು

ಜಪಾನಿನ ಜಾನಪದ ಅಧ್ಯಯನದ ಪ್ರವರ್ತಕರಾದ ಯಾನಾಗಿತಾ ಕುನಿಯೊ ಅವರು 1934ರಲ್ಲಿ ತಮ್ಮ ಶಿಷ್ಯರನ್ನು ದೇಶದ ದುರ್ಗಮವಾದ ಬೆಟ್ಟದ ಹಳ್ಳಿಗಳಿಗೆ ಕಳುಹಿಸಿದರು. ಅವರ ಕೈಯಲ್ಲಿ 100 ಪ್ರಶ್ನೆಗಳನ್ನು ಅಚ್ಚು ಮಾಡಿದ್ದ ಟಿಪ್ಪಣಿ ಪುಸ್ತಕಗಳಿದ್ದವು. 1937ರವರೆಗೆ ನಡೆದ ಈ ಕಾರ್ಯದಲ್ಲಿ ಸುಮಾರು 50 ಹಳ್ಳಿಗಳ ಜನಜೀವನ ದಾಖಲಾಯಿತು. ಕ್ಷೇತ್ರಕಾರ್ಯದ ಚರಿತ್ರೆಯನ್ನು ಬೋಧಿಸುವಾಗ ಜಾನಪದ ವಿದ್ವಾಂಸರಾದ ನಾವು ಈ ಪ್ರಶ್ನಾವಳಿಯನ್ನು ಉಲ್ಲೇಖಿಸುವುದುಂಟು. ಅದರ ವೆಚ್ಚವನ್ನು ಯಾರು ಭರಿಸಿದರು ಎಂದು ಕೇಳುವುದು ಮಾತ್ರ ಅಪರೂಪ. ನೆರವು ನೀಡಿದ್ದು ‘ನಿಹೋನ್ ಗಕುಜುತ್ಸು ಶಿಂಕೋಕಾಯ್’ ಎಂಬ ಸಂಸ್ಥೆ. ಚಕ್ರವರ್ತಿ ಹಿರೊಹಿತೊ ನೀಡಿದ 15 ಲಕ್ಷ ಯೆನ್ ದತ್ತಿಯಿಂದ 1932ರಲ್ಲಿ ಸ್ಥಾಪಿತವಾದ ಸಂಸ್ಥೆ ಇದು. ಇದೇ ಬೊಕ್ಕಸದಿಂದ ಆ ದಶಕದಲ್ಲಿ ವಿಶ್ವಕಿರಣಗಳ ಮತ್ತು ಪರಮಾಣು ಬೀಜದ ಸಂಶೋಧನೆಗೂ ಹಣ ಹರಿಯಿತು. ಬೆಟ್ಟದ ಹಳ್ಳಿಯ ಅಜ್ಜಿಯ ನೆನಪು, ಆಕಾಶದಿಂದ ಇಳಿಯುವ ಕಿರಣ ಇವೆರಡನ್ನೂ ಒಂದೇ ಥೈಲಿ ಪೋಷಿಸಿದ ಸಂದರ್ಭವು ವಿಶೇಷ ಗಮನಕ್ಕೆ ಅರ್ಹವಾದುದು.

ಸಂಸ್ಥೆಯ ಹೆಸರಿನಲ್ಲಿರುವ ‘ಗಕುಜುತ್ಸು’ ಎಂಬ ಪದವನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕು. ಇಂಗ್ಲಿಷಿನಲ್ಲಿ ಈ ಸಂಸ್ಥೆಯನ್ನು ವಿಜ್ಞಾನ ಪ್ರೋತ್ಸಾಹಕ ಸಂಘವೆಂದೇ ಕರೆಯುವರಾದರೂ ಮೂಲಪದದ ವ್ಯಾಪ್ತಿ ಅದಕ್ಕಿಂತ ಹಿರಿದು. ಕನ್ನಡದ ‘ಶಾಸ್ತ್ರ’ದಂತೆ ಅದು ಭೌತಶಾಸ್ತ್ರವನ್ನೂ ಭಾಷಾಶಾಸ್ತ್ರವನ್ನೂ ಒಳಗೊಳ್ಳುತ್ತದೆ. ಪ್ರಕೃತಿ ವಿಜ್ಞಾನಕ್ಕೆ ರೂಢಿಯಾದ ‘ಕಗಾಕು’ ಬೇರೆಯೇ ಪದ. ಈ ಎರಡು ಪದಗಳ ನಡುವಿನ ಅಂತರವೇ ಮುಂದೆ ಜಪಾನಿನ ಸಂಶೋಧನಾ ನೀತಿಯ ಒಂದು ಮುಖ್ಯ ವಿವಾದವಾಗಿ ಬೆಳೆಯಿತೆಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ.

ಇದಕ್ಕೂ ಮೊದಲು, 1917ರಲ್ಲಿ, ಟೋಕಿಯೊದಲ್ಲಿ ‘ರಿಕೆನ್’ ಸಂಶೋಧನಾಲಯವು ಸರ್ಕಾರದ ಅನುದಾನ, ರಾಜಮನೆತನದ ದತ್ತಿ ಮತ್ತು ಉದ್ಯಮಿಗಳ ವಂತಿಗೆಗಳಿಂದ ಆರಂಭವಾಗಿತ್ತು. ವಂತಿಗೆ ನಿರೀಕ್ಷಿಸಿದಷ್ಟು ಬಾರದೆ ಸಂಸ್ಥೆ ತತ್ತರಿಸಿದಾಗ, 1921ರಲ್ಲಿ ನಿರ್ದೇಶಕರಾದ ಒಕೊಚಿ ಮಸಾತೋಶಿ ಅವರು ಸಂಶೋಧನೆಯ ಫಲಗಳನ್ನು ಮಾರುಕಟ್ಟೆಗೆ ತರುವ ಮಾರ್ಗ ಹಿಡಿದರು. ವಿಟಮಿನ್ ‘ಎ’ಯಿಂದ ಹಿಡಿದು, ಅಕ್ಕಿಯನ್ನು ಹುದುಗಿಸದೆ ತಯಾರಿಸಿದ ಕೃತಕ ಮದ್ಯದವರೆಗೆ ಹಲವು ಸರಕುಗಳ ಮಾರಾಟದಿಂದ ಬಂದ ಹಣವು ಮೂಲ ಸಂಶೋಧನೆಯನ್ನು ಸಾಕಿತು. ಕೋಪನ್‌ಹೇಗನ್‌ನಲ್ಲಿ ನೀಲ್ಸ್ ಬೋರ್ ಅವರ ಬಳಿ ಕೆಲಸ ಮಾಡಿ 1928ರಲ್ಲಿ ಹಿಂದಿರುಗಿದ ನಿಶಿನಾ ಯೋಶಿಯೊ ಅವರು ಇಲ್ಲಿಯೇ ಸೈಕ್ಲೋಟ್ರಾನ್ ಯಂತ್ರಗಳನ್ನು ಕಟ್ಟಿದರು. ಎರಡನೆಯ ಯಂತ್ರಕ್ಕೆ ಅಮೆರಿಕದ ಅರ್ನೆಸ್ಟ್ ಲಾರೆನ್ಸ್ ಅವರ ನೆರವೂ ದೊರೆತಿತ್ತು. ಯುದ್ಧಕಾಲದಲ್ಲಿ ನಿಶಿನಾ ಅವರ ಪ್ರಯೋಗಾಲಯವು ಸೇನೆಗಾಗಿ ಯುರೇನಿಯಂ ಕುರಿತ ಕೆಲಸದಲ್ಲಿ ತೊಡಗಿದ್ದನ್ನು ಮರೆಮಾಚುವಂತಿಲ್ಲ. ಆದರೆ 1945ರ ನವೆಂಬರಿನಲ್ಲಿ ಅಮೆರಿಕದ ಆಕ್ರಮಿತ ಸೇನೆಯು ಆ ಯಂತ್ರಗಳನ್ನು ಕತ್ತರಿಸಿ ಟೋಕಿಯೊ ಕೊಲ್ಲಿಗೆ ಎಸೆದಾಗ, ಅದನ್ನು ಅನಾಗರಿಕ ಕೃತ್ಯವೆಂದು ಖಂಡಿಸಿದವರಲ್ಲಿ ಅಮೆರಿಕದ ವಿಜ್ಞಾನಿಗಳೇ ಮುಂಚೂಣಿಯಲ್ಲಿದ್ದರು. ಅಲ್ಲಿನ ಯುದ್ಧ ಇಲಾಖೆ ಅದೇ ವರ್ಷಾಂತ್ಯದಲ್ಲಿ ತನ್ನ ತಪ್ಪನ್ನು ಒಪ್ಪಿಕೊಂಡಿತು.

ಯುದ್ಧಾನಂತರದ ಬಡತನದಲ್ಲಿ ಜಪಾನಿನ ಭೌತವಿಜ್ಞಾನಿಗಳು ಕಂಡುಕೊಂಡ ಎರಡು ಮಾರ್ಗಗಳು ಗಮನಾರ್ಹ. ಮೊದಲನೆಯದು, ಒಂದು ವಿಶ್ವವಿದ್ಯಾಲಯದ ಸಂಸ್ಥೆಯನ್ನು ದೇಶದ ಎಲ್ಲ ಸಂಶೋಧಕರಿಗೂ ತೆರೆದಿಡುವ ಸಹಬಳಕೆಯ ಪದ್ಧತಿ. ಯುಕಾವಾ ಹಿದೇಕಿ ಅವರ ನೊಬೆಲ್ ಪಾರಿತೋಷಕದ (1949) ತರುವಾಯ ಕ್ಯೋಟೊದಲ್ಲಿ 1953ರಲ್ಲಿ ಸ್ಥಾಪನೆಯಾದ ಮೂಲಭೂತ ಭೌತವಿಜ್ಞಾನ ಸಂಸ್ಥೆಯು ಇದಕ್ಕೆ ಮೊದಲ ಮಾದರಿ. ಎರಡನೆಯದು ವಿಶ್ವಕಿರಣಗಳ ಅಧ್ಯಯನ. ಪ್ರಕೃತಿಯೇ ಪುಕ್ಕಟೆಯಾಗಿ ಕಣಗಳನ್ನು ಒದಗಿಸುವಾಗ ದುಬಾರಿ ಯಂತ್ರಗಳ ಹಂಗಿಲ್ಲ. ಬೇಕಾದದ್ದು ಎತ್ತರದ ಪರ್ವತ, ಇಲ್ಲವೇ ಆಳವಾದ ಗಣಿ.

ಆಳವಾದ ಗಣಿ ಇದ್ದದ್ದು ನಮ್ಮ ಕೋಲಾರದಲ್ಲಿ. ನಂಜನಗೂಡಿನಲ್ಲಿ ಜನಿಸಿದ ಬಿ. ವಿ. ಶ್ರೀಕಂಠನ್ ಅವರು 1950ರ ದಶಕದ ಆರಂಭದಲ್ಲಿಯೇ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಪರವಾಗಿ ಕೋಲಾರ ಚಿನ್ನದ ಗಣಿಗಳಲ್ಲಿ ವಿಶ್ವಕಿರಣಗಳನ್ನು ಅಳೆಯತೊಡಗಿದ್ದರು. 1965ರಲ್ಲಿ ಅದೇ ಸಂಸ್ಥೆ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯ ಹಾಗೂ ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯಗಳ ಜಂಟಿ ತಂಡವು ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತನ್ನು ಪತ್ತೆಮಾಡಿತು. ದಕ್ಷಿಣ ಆಫ್ರಿಕದ ಇನ್ನೊಂದು ಚಿನ್ನದ ಗಣಿಯಲ್ಲಿ ಫ್ರೆಡ್ರಿಕ್ ರೈನ್ಸ್ ಅವರ ತಂಡವೂ ಅದೇ ಕಾಲಕ್ಕೆ ಅದೇ ಫಲವನ್ನು ಪಡೆಯಿತು. ಭಾರತೀಯ ತಂಡದಲ್ಲಿ ಎಂ. ಜಿ. ಕೆ. ಮೆನನ್, ಜಪಾನೀ ತಂಡದಲ್ಲಿ ಮಿಯಾಕೆ ಸಬುರೊ ಪ್ರಮುಖರು. ಒಸಾಕಾದೊಂದಿಗಿನ ಈ ಬಾಂಧವ್ಯ 1980ರ ದಶಕದಲ್ಲಿ ಅಲ್ಲಿಯೇ ನಡೆದ 140 ಟನ್ ತೂಕದ ಪ್ರೋಟಾನ್ ಕ್ಷಯ ಶೋಧಕದವರೆಗೂ ಮುಂದುವರಿಯಿತು. ಪ್ರೋಟಾನ್ ಕ್ಷಯಿಸಿದ ಕುರುಹು ಸಿಕ್ಕಿದೆಯೆಂದು ಆ ತಂಡ ಮುಂದಿಟ್ಟ ಘಟನೆಗಳನ್ನು ನಂತರದ ದೊಡ್ಡ ಪ್ರಯೋಗಗಳು ಸಮರ್ಥಿಸಲಿಲ್ಲ.

ಶಿಲಾಸ್ಫೋಟದ ಭಯ ಸದಾ ಇದ್ದ ಆ ಗಣಿಯಲ್ಲಿ ತಮಿಳು, ತೆಲುಗು, ಕನ್ನಡ ಮಾತಾಡುವ ಕಾರ್ಮಿಕರು ದುಡಿಯುತ್ತಿದ್ದರು. ಪ್ರಯೋಗಕ್ಕೆ ಬೇಕಾದ ಆಳವು ಅವರ ಮತ್ತು ಅವರ ಹಿರಿಯರ ದುಡಿಮೆಯಿಂದ ಉಂಟಾದದ್ದು. ಅದರ ಬೆಲೆಯನ್ನು ಯಾವ ದೇಶದ ಆಯವ್ಯಯ ಪಟ್ಟಿಯೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಜಪಾನಿನ ಸ್ವಂತ ಗಣಿ ಪ್ರಯೋಗಾಲಯವು ಗಿಫು ಪ್ರಾಂತದ ಕಾಮಿಯೋಕದಲ್ಲಿ 1983ರಲ್ಲಿ ಕಾರ್ಯಾರಂಭ ಮಾಡಿತು. ಈ ಸ್ಥಳಕ್ಕೆ ಬೇರೊಂದು ಚರಿತ್ರೆಯೂ ಇದೆ. ಇಲ್ಲಿನ ಸತು ಗಣಿಯಿಂದ ಜಿನ್ಜು ನದಿಗೆ ಸೇರಿದ ಕ್ಯಾಡ್ಮಿಯಂ ಕೆಳದಂಡೆಯ ರೈತಾಪಿ ಮಹಿಳೆಯರ ಎಲುಬುಗಳನ್ನು ಸೊರಗಿಸಿತು. ರೋಗಿಗಳ ನರಳಾಟವೇ ರೋಗದ ಹೆಸರಾಯಿತು: ‘ಇತಾಯ್ ಇತಾಯ್’, ಅಂದರೆ ‘ನೋವು, ನೋವು’. ವೈದ್ಯ ಹಾಗಿನೊ ನೊಬೊರು ಅವರ ದೀರ್ಘ ಪ್ರಯತ್ನದ ನಂತರ 1968ರಲ್ಲಿ ಸರ್ಕಾರವು ಇದನ್ನು ಮಾಲಿನ್ಯಜನ್ಯ ರೋಗವೆಂದು ಅಂಗೀಕರಿಸಿತು. 1972ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿಯೂ ಸಂತ್ರಸ್ತರೇ ಗೆದ್ದರು. ಕಾಮಿಯೋಕವನ್ನು ನ್ಯೂಟ್ರಿನೊಗಳ ಹೆಸರಿನಲ್ಲಿ ಮಾತ್ರ ಸ್ಮರಿಸುವ ವಿಜ್ಞಾನ ಚರಿತ್ರೆ ಅಪೂರ್ಣವಾದುದು.

ಕೊಶಿಬಾ ಮಸಾತೋಶಿ ಅವರ ನೇತೃತ್ವದ ಕಾಮಿಯೋಕಾಂಡೆ ಶೋಧಕವು ಪ್ರೋಟಾನ್ ಕ್ಷಯವನ್ನು ಕಾಣಲಿಲ್ಲ. ಬದಲಿಗೆ 1987ರ ಫೆಬ್ರವರಿ 23ರಂದು, ಸಿಡಿದ ನಕ್ಷತ್ರವೊಂದರಿಂದ ಬಂದ 11 ನ್ಯೂಟ್ರಿನೊಗಳನ್ನು ಹಿಡಿಯಿತು. ಇದು ಕೊಶಿಬಾ ಅವರಿಗೆ 2002ರ ನೊಬೆಲ್ ತಂದಿತು. 1996ರಲ್ಲಿ ಆರಂಭವಾದ, 50,000 ಟನ್ ನೀರಿನ ಸೂಪರ್ ಕಾಮಿಯೋಕಾಂಡೆ ಜಪಾನ್ ಮತ್ತು ಅಮೆರಿಕಗಳ ಸಹಯೋಗದ ಫಲ. ಅಮೆರಿಕದ ಓಹಿಯೊ ಪ್ರಾಂತದ ಉಪ್ಪಿನ ಗಣಿಯಲ್ಲಿದ್ದ ಪ್ರತಿಸ್ಪರ್ಧಿ ಪ್ರಯೋಗದ ಹಳೆಯ ಬೆಳಕುಗ್ರಾಹಿ ಕೊಳವೆಗಳೇ ಇದರ ಹೊರಕವಚದಲ್ಲಿ ಮರುಬಳಕೆಯಾದವು. ಕೋಲಾರದಲ್ಲಿ ಗುರುತಿಸಲಾಗಿದ್ದ ವಾಯುಮಂಡಲದ ನ್ಯೂಟ್ರಿನೊಗಳೇ ದಾರಿಯಲ್ಲಿ ರೂಪಾಂತರಗೊಳ್ಳುತ್ತವೆಂದು 1998ರಲ್ಲಿ ಇಲ್ಲಿ ಸಿದ್ಧವಾಯಿತು. ಕಾಜಿತಾ ತಕಾಕಿ ಅವರಿಗೆ 2015ರ ನೊಬೆಲ್ ಸಂದದ್ದು ಈ ಶೋಧಕ್ಕಾಗಿ.

2001ರಲ್ಲಿ ಎರಡೂ ಗಣಿಗಳ ಭಾಗ್ಯ ಬೇರೆಯಾಯಿತು. ಫೆಬ್ರವರಿಯ ಅಂತ್ಯಕ್ಕೆ ಕೋಲಾರದ ಗಣಿ ಮುಚ್ಚಿತು. ಅಲ್ಲಿನ ಪ್ರಯೋಗಗಳು ಅದಕ್ಕೂ ಮೊದಲೇ ನಿಂತಿದ್ದವು. ಅದೇ ವರ್ಷ ಕಾಮಿಯೋಕದಲ್ಲಿಯೂ ಅದಿರು ತೆಗೆಯುವುದು ನಿಂತಿತು. ನವೆಂಬರಿನಲ್ಲಿ ಶೋಧಕದ ಒಂದು ಕೊಳವೆ ಒಡೆದ ಆಘಾತಕ್ಕೆ 6,000ಕ್ಕೂ ಹೆಚ್ಚು ಕೊಳವೆಗಳು ನುಚ್ಚುನೂರಾದವು. ಆದರೆ ಒಂದೇ ವರ್ಷದಲ್ಲಿ, ಉಳಿದ ಕೊಳವೆಗಳನ್ನು ಮರುಜೋಡಿಸಿ, ಪ್ರಯೋಗ ಪುನಃ ಆರಂಭವಾಯಿತು. ಅದಿರು ಮುಗಿದರೂ ಗಣಿಯನ್ನು ಉಳಿಸುವಷ್ಟು ಹಣ ಅಲ್ಲಿ ವಿಜ್ಞಾನದ ಹೆಸರಿನಲ್ಲಿತ್ತು. ಇನ್ನೂ ದೊಡ್ಡದಾದ ಹೈಪರ್ ಕಾಮಿಯೋಕಾಂಡೆಗೆ 2020ರಲ್ಲಿ ಸರ್ಕಾರ ಧನ ಮಂಜೂರು ಮಾಡಿತು.

ಆ ಹಣದ ಹಿನ್ನೆಲೆಯಲ್ಲಿದ್ದುದು 1995ರ ವಿಜ್ಞಾನ ಮತ್ತು ತಂತ್ರಜ್ಞಾನ ಮೂಲ ಶಾಸನ. ಅದರಂತೆ ಮೊದಲ ಐದು ವರ್ಷಗಳ ಯೋಜನೆಗೆ (1996–2000) 17 ಲಕ್ಷ ಕೋಟಿ ಯೆನ್, ಎರಡನೆಯದಕ್ಕೆ 24 ಲಕ್ಷ ಕೋಟಿ ಯೆನ್ ಗುರಿಯನ್ನು ಗೊತ್ತುಪಡಿಸಲಾಯಿತು. 50 ವರ್ಷಗಳಲ್ಲಿ 30 ನೊಬೆಲ್ ಪಾರಿತೋಷಕಗಳೆಂಬ ಗುರಿಯನ್ನೂ ಎರಡನೆಯ ಯೋಜನೆ ಸಾರಿತು. ಫಸಲನ್ನು ಬಿತ್ತನೆಗೆ ಮೊದಲೇ ಎಣಿಸುವ ಈ ಕ್ರಮ ಜಪಾನಿನಲ್ಲಿಯೇ ನಗೆಗೀಡಾಯಿತು. ಇನ್ನೊಂದೆಡೆ 2004ರಲ್ಲಿ ರಾಷ್ಟ್ರೀಯ ವಿಶ್ವವಿದ್ಯಾಲಯಗಳನ್ನು ಸ್ವತಂತ್ರ ನಿಗಮಗಳನ್ನಾಗಿಸಿ, ಅವುಗಳ ನಿರ್ವಹಣಾ ಅನುದಾನವನ್ನು ವರ್ಷಕ್ಕೆ ಸುಮಾರು ಶೇಕಡ 1ರಂತೆ ಇಳಿಸುತ್ತ ಬರಲಾಯಿತು. ಖಾಯಂ ಹುದ್ದೆಗಳು ತಗ್ಗಿ, ತರುಣ ಸಂಶೋಧಕರು ಅವಧಿ ನೇಮಕಗಳ ನಡುವೆ ಅಲೆಯತೊಡಗಿದರು. ಪಾರಿತೋಷಕಗಳು ಬಂದವು, ನಿಜ. ಆದರೆ ಅವು ಬಹುಮಟ್ಟಿಗೆ ಹಳೆಯ ವ್ಯವಸ್ಥೆಯಲ್ಲಿ ಬಿತ್ತಿದ ಬೀಜಗಳ ಫಲ.

ಈ ಶಾಸನದ ಹೆಸರಿನಲ್ಲಿದ್ದುದು ‘ಕಗಾಕು’, ‘ಗಕುಜುತ್ಸು’ ಅಲ್ಲ. ಕೇವಲ ಮಾನವಿಕಗಳಿಗೆ ಸಂಬಂಧಿಸಿದ ವಿಷಯಗಳನ್ನು ಅದು ತನ್ನ ವ್ಯಾಪ್ತಿಯಿಂದ ಸ್ಪಷ್ಟವಾಗಿ ಹೊರಗಿಟ್ಟಿತ್ತು. ಯಾನಾಗಿತಾ ಅವರ ನೂರು ಪ್ರಶ್ನೆಗಳಿಗೆ ಅದರಲ್ಲಿ ಎಡೆಯಿರಲಿಲ್ಲ. 2015ರಲ್ಲಿ ಶಿಕ್ಷಣ ಸಚಿವಾಲಯವು ಮಾನವಿಕ ಮತ್ತು ಸಮಾಜವಿಜ್ಞಾನ ವಿಭಾಗಗಳನ್ನು ಮುಚ್ಚುವ ಇಲ್ಲವೇ ಪರಿವರ್ತಿಸುವ ಸೂಚನೆಯುಳ್ಳ ಪತ್ರವನ್ನು ವಿಶ್ವವಿದ್ಯಾಲಯಗಳಿಗೆ ಕಳುಹಿಸಿ ತೀವ್ರ ಟೀಕೆಗೊಳಗಾಯಿತು. ಕೊನೆಗೆ 2020ರ ಜೂನ್‌ನಲ್ಲಿ ಶಾಸನವನ್ನು ತಿದ್ದಿ, 2021ರ ಏಪ್ರಿಲ್‌ನಿಂದ ಜಾರಿಗೆ ಬರುವಂತೆ, ಮಾನವಿಕಗಳನ್ನೂ ಒಳಗೆ ಸೇರಿಸಿಕೊಳ್ಳಲಾಯಿತು. ತಿದ್ದುಪಡಿಯಾದ ಕೆಲವೇ ತಿಂಗಳಲ್ಲಿ, ಜಪಾನ್ ವಿಜ್ಞಾನ ಪರಿಷತ್ತು ಸದಸ್ಯತ್ವಕ್ಕೆ ಸೂಚಿಸಿದ 105 ವಿದ್ವಾಂಸರಲ್ಲಿ ಆರು ಮಂದಿಯನ್ನು ನೇಮಿಸಲು ಪ್ರಧಾನಿ ಸುಗಾ ಯೋಶಿಹಿದೆ ನಿರಾಕರಿಸಿದರು. ಆ ಆರು ಮಂದಿಯೂ ಮಾನವಿಕ ಹಾಗೂ ಸಮಾಜವಿಜ್ಞಾನ ಕ್ಷೇತ್ರದವರು; ಒಬ್ಬರು ಆಧುನಿಕ ಜಪಾನಿನ ಇತಿಹಾಸಕಾರರು. ನಿರಾಕರಣೆಗೆ ಸ್ಪಷ್ಟ ಕಾರಣವನ್ನು ಸರ್ಕಾರ ನೀಡಲಿಲ್ಲ.